ಐವತ್ತು ಮಕ್ಕಳು, ಆರು ಚೆಂಡು, ಒಂದು ಹಗ್ಗ: ಶಾಲೆಯಲ್ಲಿ ವಾಲಿಬಾಲ್ ಕಲಿಸುವ ಬಗೆ

ಪಿ.ಟಿ. ಪೀರಿಯಡ್‌ನಲ್ಲಿ ವಾಲಿಬಾಲ್ ಅಂದರೆ ಬಹಳ ಶಾಲೆಗಳಲ್ಲಿ ನಡೆಯುವುದು ಇಷ್ಟೇ. ನೆಟ್ ಕಟ್ಟುತ್ತಾರೆ. ಚೆನ್ನಾಗಿ ಆಡುವ ಹನ್ನೆರಡು ಹುಡುಗರು ಒಳಗೆ ಹೋಗುತ್ತಾರೆ. ಉಳಿದವರು ಸುತ್ತ ಕೂತು ನೋಡುತ್ತಾರೆ. ಹುಡುಗಿಯರು ಮರದ ನೆರಳು ಸೇರುತ್ತಾರೆ. ಒಳಗಿರುವ ಹನ್ನೆರಡು ಜನರಲ್ಲೂ ಚೆಂಡು ಮುಟ್ಟುವವರು ನಾಲ್ಕೈದು ಮಂದಿ ಮಾತ್ರ. ಸರ್ವಿಸ್ ನೆಟ್‌ಗೆ ಬಡಿಯುತ್ತದೆ, ಚೆಂಡು ತರಲು ಒಬ್ಬ ಓಡುತ್ತಾನೆ, ಮತ್ತೆ ಸರ್ವಿಸ್. ಅಷ್ಟರಲ್ಲಿ 40 ನಿಮಿಷ ಮುಗಿದಿರುತ್ತದೆ.

ಮಲೆನಾಡಿನ ಒಂದು ಹೈಸ್ಕೂಲಿಗೆ ದೈಹಿಕ ಶಿಕ್ಷಕನಾಗಿ ಸೇರಿದ ಮೊದಲ ವರ್ಷ ನಾನೂ ಹೀಗೇ ಮಾಡಿದೆ. ಒಂದು ದಿನ ಹಿಂದಿನ ಸಾಲಿನ ಮೂಲೆಯಲ್ಲಿ ನಿಂತಿದ್ದ ಒಬ್ಬ ಹುಡುಗನನ್ನು ಗಮನಿಸಿದೆ. ಇಡೀ ಪೀರಿಯಡ್‌ನಲ್ಲಿ ಅವನ ಕೈಗೆ ಚೆಂಡು ತಾಗಿದ್ದು ಎರಡೇ ಸಲ. ಎರಡು ಸಲವೂ ಜೊತೆಯವರಿಂದ ಬೈಸಿಕೊಂಡ. ಆಟ ಬರದಿದ್ದದ್ದು ಅವನ ತಪ್ಪಲ್ಲ, ಅಲ್ವಾ? ಅಂದಿನಿಂದ ನಾನು ಒಂದೇ ಲೆಕ್ಕ ಇಡುತ್ತೇನೆ. ಈ ಪೀರಿಯಡ್‌ನಲ್ಲಿ ಒಂದೊಂದು ಮಗುವಿನ ಕೈಗೂ ಚೆಂಡು ಎಷ್ಟು ಸಲ ತಾಗಿತು? ಕೆಳಗೆ ಹೇಳುವ ಹೆಜ್ಜೆಗಳೆಲ್ಲ ಆ ಲೆಕ್ಕದಿಂದಲೇ ಹುಟ್ಟಿದವು. ವಾರಕ್ಕೆ ಎರಡು ಪೀರಿಯಡ್ ಸಿಕ್ಕರೆ ಆರೇಳು ವಾರದ ಕೆಲಸ ಇದು. ಪೋರ್ಷನ್ ಮುಗಿದಿಲ್ಲ ಎಂದು ಬೇರೆ ವಿಷಯದವರು ನಿಮ್ಮ ಪೀರಿಯಡ್ ಕೇಳಿದರೆ ದಯವಿಟ್ಟು ಕೊಡಬೇಡಿ. ನಡುವೆ ಎರಡು ವಾರ ತಪ್ಪಿದರೆ ಕೈಗೆ ಕೂತದ್ದು ಹೋಗಿಬಿಡುತ್ತದೆ.

ನೆಟ್ ಇರಲಿ, ಮೊದಲು ಹಗ್ಗ ಕಟ್ಟಿ

ನಿಯಮದ ಪ್ರಕಾರ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ನೆಟ್‌ನ ಎತ್ತರ ಗಂಡಸರಿಗೆ 2.43 ಮೀಟರ್, ಹೆಂಗಸರಿಗೆ 2.24 ಮೀಟರ್. ಇದು ದೊಡ್ಡವರ ಅಳತೆ. ಎಂಟನೇ ಕ್ಲಾಸಿನ ಮಕ್ಕಳನ್ನು ಮೊದಲ ದಿನವೇ ಇದರೊಳಗೆ ನಿಲ್ಲಿಸಿದರೆ ಚೆಂಡು ನೆಟ್ ದಾಟುವುದೇ ಅಪರೂಪ.

ಹಾಗಾಗಿ ಕೆಲವು ವಾರ ನೆಟ್ ಸ್ಟೋರ್ ರೂಮಿನಲ್ಲೇ ಇರಲಿ. 30 ಮೀಟರಿಗಿಂತ ಸ್ವಲ್ಪ ಉದ್ದದ ನೈಲಾನ್ ಹಗ್ಗ ತನ್ನಿ. ಮೈದಾನದ ಈ ತುದಿಯಿಂದ ಆ ತುದಿಗೆ, ಕಂಬಕ್ಕೋ ಮರಕ್ಕೋ ಬಿಗಿಯಾಗಿ ಕಟ್ಟಿ. ನಡುವೆ ಜೋತು ಬೀಳುತ್ತದೆ. ಎರಡು ಕಡೆ ಅಡಿಕೆ ಕಂಬ ನೆಟ್ಟು ಆಸರೆ ಕೊಡಿ. ಹಳೇ ಬಟ್ಟೆಯ ಚೂರುಗಳನ್ನು ಅಲ್ಲಲ್ಲಿ ಕಟ್ಟಿದರೆ ಹಗ್ಗ ಎದ್ದು ಕಾಣುತ್ತದೆ. ಹಗ್ಗದ ಉದ್ದಕ್ಕೂ 5 ಮೀಟರಿಗೊಂದು ಸುಣ್ಣದ ಗೆರೆ ಎಳೆದರೆ ಆರು ಪುಟ್ಟ ಅಂಕಣ ಸಿಗುತ್ತವೆ. ಒಂದೊಂದರಲ್ಲಿ ಆ ಕಡೆ ನಾಲ್ವರು, ಈ ಕಡೆ ನಾಲ್ವರು. ಅಲ್ಲಿಗೆ 48 ಮಕ್ಕಳು ಒಟ್ಟಿಗೆ ಆಡಬಹುದು.

ಎತ್ತರಕ್ಕೆ ಟೇಪ್ ಬೇಕಿಲ್ಲ. ಮಗು ಕೈ ಮೇಲೆತ್ತಿ ನಿಂತಾಗ ಬೆರಳ ತುದಿ ಹಗ್ಗಕ್ಕೆ ತಾಗಬೇಕು, ಅಷ್ಟೇ. ಹಗ್ಗದ ಒಂದು ತುದಿ ತಗ್ಗಿಸಿ, ಇನ್ನೊಂದು ತುದಿ ಎತ್ತರಿಸಿ ಕಟ್ಟಿದರೆ ಕುಳ್ಳಗಿರುವವರಿಗೂ ಎತ್ತರದವರಿಗೂ ಅವರವರ ಜಾಗ ಸಿಗುತ್ತದೆ.

"ಇದೇನು ವಾಲಿಬಾಲಾ?" ಅಂತ ಕೆಲವರು ಕೇಳುತ್ತಾರೆ. ಈ ಆಟ ಶುರುವಾಗಿದ್ದೇ ಹೀಗೆ. 1895ರಲ್ಲಿ ಅಮೆರಿಕದ ಹೋಲಿಯೋಕ್ ಊರಿನ ವೈ.ಎಂ.ಸಿ.ಎ. ಎಂಬ ಯುವಕರ ಸಂಸ್ಥೆಯಲ್ಲಿ ಅಲ್ಲಿನ ದೈಹಿಕ ಶಿಕ್ಷಕ ವಿಲಿಯಂ ಮಾರ್ಗನ್ ಇದನ್ನು ಆಡಿಸಿದಾಗ ನೆಟ್ ಇದ್ದದ್ದು 6 ಅಡಿ 6 ಇಂಚು ಎತ್ತರಕ್ಕೆ. ಒಂದು ಕಡೆ ಎಷ್ಟು ಜನ ಬೇಕಾದರೂ ನಿಲ್ಲಬಹುದಿತ್ತು. ಎಷ್ಟು ಸಲ ಬೇಕಾದರೂ ಚೆಂಡು ಮುಟ್ಟಬಹುದಿತ್ತು. ಬ್ಯಾಸ್ಕೆಟ್‌ಬಾಲಿನ ಓಡಾಟ ತಾಳದ ವಯಸ್ಸಾದವರಿಗೂ ಆಡಲು ಬರಲಿ ಅಂತಲೇ ಅವರು ಈ ಆಟ ಕಟ್ಟಿದ್ದು. ಮೂರೇ ಟಚ್ ಎನ್ನುವ ನಿಯಮ ಬಂದದ್ದು ವರ್ಷಗಳ ನಂತರ. ಮಕ್ಕಳಿಗಾಗಿ ನಿಯಮ ಸಡಿಲ ಮಾಡಲು ಹಿಂಜರಿಯಬೇಡಿ.

ಚೆಂಡು ಎಲ್ಲಿಂದ ತರುವುದು?

ಶಾಲೆಯಲ್ಲಿ ಎರಡೇ ಚೆಂಡು ಇರುತ್ತವೆ, ಅದರಲ್ಲೊಂದಕ್ಕೆ ಗಾಳಿ ನಿಲ್ಲುವುದಿಲ್ಲ. ನಮ್ಮ ಕಡೆ ಊರೂರಲ್ಲೂ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ನಡೆಯುತ್ತವೆ. ಅವನ್ನು ನಡೆಸುವ ಯುವಕ ಸಂಘದವರ ಹತ್ತಿರ ಮೇಲ್ಮೈ ಸವೆದ ಚೆಂಡುಗಳು ಬಿದ್ದಿರುತ್ತವೆ. ಕೇಳಿ, ಕೊಡುತ್ತಾರೆ. ಸವೆದ ಚೆಂಡೇ ಕಲಿಯುವವರಿಗೆ ಒಳ್ಳೆಯದು. ಸಾಲದಿದ್ದರೆ ಜಾತ್ರೆಯಲ್ಲಿ ಸಿಗುವ ದೊಡ್ಡ ಪ್ಲಾಸ್ಟಿಕ್ ಚೆಂಡು ತನ್ನಿ. ಅದು ಹಗುರ, ನಿಧಾನಕ್ಕೆ ಇಳಿಯುತ್ತದೆ, ಮಗುವಿಗೆ ಓಡಿ ಬರಲು ಸಮಯ ಕೊಡುತ್ತದೆ.

ನಿಜವಾದ ಚೆಂಡಿನ ತೂಕ 260ರಿಂದ 280 ಗ್ರಾಂ. ಗಟ್ಟಿ ಗಾಳಿ ತುಂಬಿದ್ದರೆ ಮುಂಗೈ ಕೆಂಪಗಾಗುತ್ತದೆ. ಎಷ್ಟೋ ಮಕ್ಕಳು ವಾಲಿಬಾಲ್ ಬೇಡ ಅನ್ನುವುದು ಈ ನೋವಿಗೆ. ಮೊದಲ ವಾರಗಳಲ್ಲಿ ಗಾಳಿ ಸ್ವಲ್ಪ ಕಡಿಮೆ ಇಡಿ. ಹೆಬ್ಬೆರಳಿಂದ ಒತ್ತಿದರೆ ಚೆಂಡು ತುಸು ತಗ್ಗಬೇಕು.

ಆಟಕ್ಕೆ ಮುಂಚೆ

ಮೈದಾನದ ಕಲ್ಲು, ಗಾಜಿನ ಚೂರು ಆರಿಸಲು ಎಲ್ಲರೂ ಒಂದು ಸಾಲಿನಲ್ಲಿ ನಡೆದು ಬರಲಿ. ಎರಡು ನಿಮಿಷದ ಕೆಲಸ, ಮೈಯೂ ಬೆಚ್ಚಗಾಗುತ್ತದೆ. ಗಾಜಿನ ಬಳೆ, ಉಂಗುರ, ವಾಚ್ ತೆಗೆದಿಡಬೇಕು. ಅಂಡರ್‌ಹ್ಯಾಂಡ್ (ಜೋಡಿಸಿದ ಮುಂಗೈಯಿಂದ) ಹೊಡೆಯುವಾಗ ಗಾಜಿನ ಬಳೆ ಒಡೆದರೆ ಕೈ ಕೊಯ್ಯುತ್ತದೆ. ಒಂದು ಡಬ್ಬ ಇಟ್ಟುಕೊಳ್ಳಿ, ಕಳೆದುಹೋಗುವ ಭಯ ಇರುವುದಿಲ್ಲ. ವೇಲ್ ಹಾಕುವ ಹುಡುಗಿಯರು ಅದನ್ನು ಅಡ್ಡಲಾಗಿ ತಂದು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಳ್ಳಲಿ. ಯಾರಾದರೂ "ಸರ್, ಇವತ್ತು ಆಡಲ್ಲ" ಅಂದರೆ ಕಾರಣ ಕೇಳಬೇಡಿ. ಸ್ಕೋರ್ ಬರೆಯುವ ಕೆಲಸ ಕೊಡಿ.

ತಂಡ ಮಾಡುವಾಗ ಇಬ್ಬರು ನಾಯಕರನ್ನು ನಿಲ್ಲಿಸಿ "ನಿಮಗೆ ಬೇಕಾದವರನ್ನು ಕರೆಯಿರಿ" ಅನ್ನಬೇಡಿ. ಕೊನೆಗೆ ಉಳಿಯುವ ಮಗು ಪ್ರತಿ ಸಲವೂ ಅದೇ ಆಗಿರುತ್ತದೆ. ಸುಮ್ನೆ ಒಂದು, ಎರಡು, ಮೂರು ಅಂತ ಎಣಿಸಿ ನೀವೇ ಹಂಚಿಬಿಡಿ.

ಮೊದಲ ಹೆಜ್ಜೆ: ಚೆಂಡಿನ ಕೆಳಗೆ ಹೋಗುವುದು

ವಾಲಿಬಾಲ್ ಕೈಯ ಆಟ ಅನ್ನಿಸುತ್ತದೆ. ಕಲಿಸಲು ನಿಂತ ಮೇಲೆ ಇದು ಕಾಲಿನ ಆಟ ಅಂತ ಗೊತ್ತಾಗುತ್ತದೆ. ಚೆಂಡು ಎಲ್ಲಿ ಬೀಳುತ್ತದೆ ಎಂದು ಊಹಿಸಿ ಅಲ್ಲಿಗೆ ಮುಂಚೆ ಹೋಗಿ ನಿಂತರೆ ಅರ್ಧ ಕೆಲಸ ಆಯಿತು. ನಿಂತಲ್ಲೇ ಕೈ ಚಾಚುವ ಮಗುವಿಗೆ ಯಾವ ಹೊಡೆತವೂ ಬರುವುದಿಲ್ಲ.

ಮೊದಲ ಎರಡು ಪೀರಿಯಡ್ ಇದಕ್ಕೇ ಕೊಡಿ. ಹೊಡೆಯುವುದು ಬೇಡ. ಹಗ್ಗದ ಆ ಕಡೆಯವರು ಎರಡೂ ಕೈಯಿಂದ ಚೆಂಡನ್ನು ಎತ್ತರಕ್ಕೆ ಎಸೆಯಲಿ. ಈ ಕಡೆಯವರು ಹಣೆಯ ಮೇಲೆ ಹಿಡಿಯಲಿ, ಹಿಡಿದಲ್ಲಿಂದಲೇ ವಾಪಸ್ ಎಸೆಯಲಿ. ನೆಲಕ್ಕೆ ಬಿದ್ದರೆ ಎದುರಿನವರಿಗೆ ಅಂಕ. ಇಷ್ಟಕ್ಕೇ ಮಕ್ಕಳು ಬೆವರುತ್ತಾರೆ, ಕೂಗುತ್ತಾರೆ, ನಗುತ್ತಾರೆ. ಖಾಲಿ ಜಾಗ ನೋಡಿ ಎಸೆಯುವುದನ್ನು ನೀವು ಹೇಳಿಕೊಡದೆಯೇ ಕಲಿಯುತ್ತಾರೆ.

ನನಗೆ ಬಹಳ ಇಷ್ಟದ ಇನ್ನೊಂದು ಅಭ್ಯಾಸ ಇದೆ. ಜೊತೆಗಾರ ಚೆಂಡನ್ನು ಮೇಲೆ ಎಸೆಯುತ್ತಾನೆ. ಮಗು ಓಡಿ ಬಂದು, ಕಾಲು ಅಗಲಿಸಿ, ಮೊಣಕಾಲು ಬಗ್ಗಿಸಿ ನಿಲ್ಲಬೇಕು. ಚೆಂಡನ್ನು ಮುಟ್ಟುವ ಹಾಗಿಲ್ಲ. ಅದು ಎರಡು ಪಾದಗಳ ನಡುವೆ ಪುಟಿಯಬೇಕು. ನಡುವೆ ಪುಟಿದರೆ ಸರಿಯಾದ ಜಾಗಕ್ಕೆ ಬಂದಿದ್ದಾನೆ. ತಲೆ ಮೇಲೆ ಹಾದುಹೋದರೆ ಜಾಸ್ತಿ ಮುಂದೆ ಬಂದಿದ್ದಾನೆ. ನೀವು ಬಾಯಿ ತೆರೆಯುವ ಮೊದಲೇ ಮಗುವಿಗೆ ಉತ್ತರ ಸಿಕ್ಕಿರುತ್ತದೆ.

ಎರಡನೇ ಹೆಜ್ಜೆ: ಬೆರಳ ಪಾಸ್

ಅಂಡರ್‌ಹ್ಯಾಂಡ್ ಮೊದಲೋ ಓವರ್‌ಹ್ಯಾಂಡ್ ಮೊದಲೋ ಎಂಬ ಚರ್ಚೆ ನಮ್ಮಲ್ಲಿ ಯಾವಾಗಲೂ ಇದೆ. ನಾನು ಓವರ್‌ಹ್ಯಾಂಡ್ ಮೊದಲು ಅನ್ನುತ್ತೇನೆ. ಹಣೆಯ ಮೇಲೆ ಹಿಡಿದು ಎಸೆಯುವುದು ಮಕ್ಕಳಿಗೆ ಬಂದಾಗಿದೆ. ಹಿಡಿಯುವ ಹೊತ್ತು ಕಡಿಮೆ ಮಾಡುತ್ತಾ ಹೋದರೆ ಅದೇ ಬೆರಳ ಪಾಸ್ ಆಗುತ್ತದೆ. ಮೊದಲು ಹಿಡಿದು ಎರಡು ಎಣಿಸಿ ತಳ್ಳಲಿ. ಆಮೇಲೆ ಒಂದು ಎಣಿಸಿ. ಆಮೇಲೆ ಹಿಡಿಯದೇ ತಳ್ಳಲಿ.

ಕೈಯ ಆಕಾರ ಮುಖ್ಯ. ಎರಡೂ ಹೆಬ್ಬೆರಳು, ಎರಡೂ ತೋರುಬೆರಳು ಸೇರಿ ಹಣೆಯ ಮುಂದೆ ಒಂದು ಪುಟ್ಟ ಕಿಟಕಿ ಆಗಬೇಕು. ಆ ಕಿಟಕಿಯಲ್ಲಿ ಚೆಂಡು ಬರುವುದನ್ನು ನೋಡಬೇಕು. ಬೆರಳುಗಳು ಅರಳಿರಲಿ, ಸೆಟೆದುಕೊಂಡಿರಬಾರದು. ಹೆಬ್ಬೆರಳು ಮುಂದಕ್ಕೆ ಚಾಚಿದ್ದರೆ ಚೆಂಡು ಬಡಿದು ಉಳುಕುತ್ತದೆ. ಅದು ನಿಮ್ಮ ಕಣ್ಣ ಕಡೆಗೆ ತಿರುಗಿರಲಿ ಎಂದು ಹೇಳಿ. ಅಂಗೈಯಿಂದ ಬಡಿಯುವವರಿಗೆ "ಶಬ್ದ ಬರಬಾರದು" ಎಂದರೆ ಸಾಕು, ಬೇಗ ತಿದ್ದಿಕೊಳ್ಳುತ್ತಾರೆ. ಶಕ್ತಿ ಬರುವುದು ಮೊಣಕಾಲಿನಿಂದ. ಬಗ್ಗಿ, ಏಳುತ್ತಾ ತಳ್ಳಬೇಕು.

ಇಲ್ಲಿ ಅವಸರ ಬೇಡ. ಮೂರು ಪೀರಿಯಡ್ ಆದರೂ ಆಗಲಿ. ಮುಂದೆ ಲಿಫ್ಟರ್ (ಹೊಡೆಯುವವರಿಗೆ ನೆಟ್ ಬಳಿ ಚೆಂಡು ಎತ್ತಿಕೊಡುವವರು) ಆಗುವ ಮಗು ಇಲ್ಲೇ ನಿಮ್ಮ ಕಣ್ಣಿಗೆ ಬೀಳುತ್ತದೆ.

ಮೂರನೇ ಹೆಜ್ಜೆ: ಅಂಡರ್‌ಹ್ಯಾಂಡ್

ಒಂದು ಕೈಯ ಬೆರಳುಗಳ ಮೇಲೆ ಇನ್ನೊಂದು ಕೈ ಇಟ್ಟು, ಹೆಬ್ಬೆರಳುಗಳನ್ನು ಪಕ್ಕಪಕ್ಕ ಜೋಡಿಸಬೇಕು. ಮಣಿಕಟ್ಟು ಕೆಳಗೆ ಬಾಗಲಿ, ಮೊಣಕೈ ನೇರ ಇರಲಿ. ಚೆಂಡು ತಾಗಬೇಕಾದ್ದು ಮಣಿಕಟ್ಟಿಗಿಂತ ಸ್ವಲ್ಪ ಮೇಲೆ, ಮುಂಗೈಯ ಮೆತ್ತನೆಯ ಭಾಗಕ್ಕೆ. ಆ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ಹತ್ತು ಪಾಸ್ ಆದ ಮೇಲೆ ನೋಡಿದರೆ, ಸುಣ್ಣ ಅಳಿಸಿದ್ದವರದು ಸರಿಯಾಗಿದೆ ಎಂದರ್ಥ.

ಎಲ್ಲರೂ ಮಾಡುವ ತಪ್ಪು ಒಂದೇ: ಕೈ ಬೀಸುವುದು. ಚೆಂಡು ಹಿಂದಕ್ಕೋ ಆಕಾಶಕ್ಕೋ ಹಾರುತ್ತದೆ. ಬಾಯಲ್ಲಿ ನೂರು ಸಲ "ಬೀಸಬೇಡ" ಎಂದರೂ ಹೋಗದ ಈ ಅಭ್ಯಾಸವನ್ನು ಒಂದು ಬೆಂಚು ಬಿಡಿಸುತ್ತದೆ. ಮಗುವನ್ನು ಬೆಂಚಿನ ತುದಿಯಲ್ಲಿ ಕೂರಿಸಿ, ಕೈ ಜೋಡಿಸಿ ಮುಂದೆ ಚಾಚಲು ಹೇಳಿ. ನೀವು ಎರಡು ಮೀಟರ್ ದೂರದಿಂದ ಮೆಲ್ಲಗೆ ಚೆಂಡು ಹಾಕಿ. ಕೈ ಅಲ್ಲಾಡಿಸದೆ, ಬೆಂಚಿನಿಂದ ಎದ್ದು ನಿಲ್ಲುತ್ತಾ ಚೆಂಡನ್ನು ವಾಪಸ್ ಕಳಿಸಬೇಕು. ಏಳುವ ರಭಸವೇ ಚೆಂಡಿಗೆ ಸಾಕು. ಐದಾರು ಸಲ ಆದ ಮೇಲೆ ಬೆಂಚು ತೆಗೆದುಬಿಡಿ. ಮೈಗೆ ನೆನಪಿರುತ್ತದೆ.

ಇದಾದ ಮೇಲೆ ಇಬ್ಬಿಬ್ಬರು ಎದುರುಬದುರು ನಿಂತು ಎಷ್ಟು ಪಾಸ್ ತಪ್ಪದೆ ಆಡುತ್ತಾರೆ ಎಂದು ಎಣಿಸಲಿ. ಹತ್ತು ಆದರೆ ಒಂದು ಹೆಜ್ಜೆ ಹಿಂದೆ ಸರಿಯಲಿ. ಎಣಿಕೆ ಇದ್ದರೆ ಮಕ್ಕಳಿಗೆ ಬೇಸರ ಬರುವುದಿಲ್ಲ.

"ನಂದು!"

ಇದು ಒಂದೇ ಪದದ ಪಾಠ, ಆದರೆ ಎಷ್ಟೋ ಶಾಲಾ ತಂಡಗಳಿಗೆ ಬಂದಿರುವುದಿಲ್ಲ. ಇಬ್ಬರ ನಡುವೆ ಚೆಂಡು ಬೀಳುತ್ತದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಲ್ಲವೇ ಇಬ್ಬರೂ ನುಗ್ಗಿ ತಲೆಗೆ ತಲೆ ಹೊಡೆಸಿಕೊಳ್ಳುತ್ತಾರೆ. ಚೆಂಡು ಮುಟ್ಟುವ ಮೊದಲು "ನಂದು!" ಎಂದು ಕೂಗಲೇಬೇಕು, ಕೂಗದೆ ಮುಟ್ಟಿದರೆ ಎದುರಿನವರಿಗೆ ಅಂಕ ಎಂದು ನಿಯಮ ಮಾಡಿ. ಮೆಲುದನಿಯ ಮಕ್ಕಳು ಮೊದಲ ದಿನ ನಾಚುತ್ತಾರೆ. ಮೂರನೇ ದಿನಕ್ಕೆ ಅವರ ದನಿ ಸ್ಟಾಫ್ ರೂಮಿಗೂ ಕೇಳುತ್ತದೆ. ಆ ದನಿ ಕೇಳುವಾಗ ನನಗೆ ಇಂದಿಗೂ ಖುಷಿಯಾಗುತ್ತದೆ.

ನಾಲ್ಕನೇ ಹೆಜ್ಜೆ: ಮೂರು ಟಚ್‌ನ ಆಟ

ಈಗ ಪುಟ್ಟ ಅಂಕಣದಲ್ಲಿ ಪಂದ್ಯ. ಒಂದು ಕಡೆ ಮೂವರು ಅಥವಾ ನಾಲ್ವರು. ಸರ್ವಿಸ್ ಇನ್ನೂ ಬೇಡ, ಎಸೆದು ಶುರು ಮಾಡಲಿ. ಮಕ್ಕಳು ಬಂದ ಚೆಂಡನ್ನು ಒಂದೇ ಏಟಿಗೆ ಆ ಕಡೆ ತಳ್ಳಲು ನೋಡುತ್ತಾರೆ. ಬೈಯುವ ಬದಲು ಅಂಕ ಬದಲಿಸಿ. ಒಂದೇ ಟಚ್‌ನಲ್ಲಿ ಕಳಿಸಿ ಗೆದ್ದರೆ 1 ಅಂಕ, ಪಾಸ್, ಲಿಫ್ಟ್ ಮಾಡಿ ಮೂರನೇ ಟಚ್‌ನಲ್ಲಿ ಕಳಿಸಿ ಗೆದ್ದರೆ 3 ಅಂಕ. ಹತ್ತು ನಿಮಿಷದಲ್ಲಿ ಆಟವೇ ಬೇರೆಯಾಗುತ್ತದೆ.

ರ‍್ಯಾಲಿ (ಚೆಂಡು ಆ ಕಡೆ ಈ ಕಡೆ ಹೋಗಿಬರುವ ಆಟ) ಬೇಗ ಬೇಗ ನಿಂತುಹೋಗುತ್ತಿದ್ದರೆ ಎರಡನೇ ಟಚ್ ಹಿಡಿದು ಎತ್ತಿಕೊಡಲು ಬಿಡಿ. ಇನ್ನೂ ಕಷ್ಟವಾದರೆ ನೆಲಕ್ಕೆ ಒಂದು ಪುಟಿತ ಬಿಟ್ಟುಕೊಡಿ. ಕೈ ಕೂತಂತೆ ಈ ಸಡಿಲಿಕೆಗಳನ್ನು ಒಂದೊಂದಾಗಿ ಹಿಂತೆಗೆಯಿರಿ.

ಐದನೇ ಹೆಜ್ಜೆ: ಸರ್ವಿಸ್

ಸರ್ವಿಸ್ ಇಷ್ಟು ತಡವಾಗಿ ಯಾಕೆ? ಬೇಗ ಕಲಿಸಿದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಜೋರಾಗಿ ಸರ್ವಿಸ್ ಮಾಡುವ ಒಬ್ಬ ಹುಡುಗ ಹತ್ತು ಅಂಕ ತರುತ್ತಾನೆ, ಉಳಿದವರೆಲ್ಲ ಕಂಬದಂತೆ ನಿಂತಿರುತ್ತಾರೆ.

ಎಲ್ಲರಿಗೂ ಮೊದಲು ಅಂಡರ್‌ಹ್ಯಾಂಡ್ ಸರ್ವಿಸ್. ಬಲಗೈಯವರು ಎಡಗಾಲು ಮುಂದಿಡಬೇಕು. ಚೆಂಡು ಎಡಗೈಯಲ್ಲಿ, ಸೊಂಟದ ಮಟ್ಟದಲ್ಲಿ. ಬಲಗೈ ಗಡಿಯಾರದ ಲೋಲಕದ ಹಾಗೆ ನೇರ ಹಿಂದೆ ಹೋಗಿ ನೇರ ಮುಂದೆ ಬರಬೇಕು. ಅಂಗೈಯ ಬುಡದ ಗಟ್ಟಿ ಭಾಗ ಚೆಂಡಿಗೆ ತಾಗಬೇಕು. ಒಂದು ಎಚ್ಚರ: ಅಂಗೈ ಮೇಲೆ ಇಟ್ಟುಕೊಂಡೇ ಹೊಡೆದರೆ ಅದು ತಪ್ಪು. ಹೊಡೆಯುವ ಮುನ್ನ ಚೆಂಡು ಕೈಬಿಟ್ಟಿರಬೇಕು, ಒಂದು ಅಂಗುಲ ಮೇಲೆದ್ದರೂ ಸಾಕು. ಹೋಬಳಿ ಮಟ್ಟದಲ್ಲಿ ಈ ತಪ್ಪಿಗೆ ಅಂಕ ಕಳೆದುಕೊಂಡು ಅತ್ತ ಮಕ್ಕಳನ್ನು ನೋಡಿದ್ದೇನೆ.

ಹಗ್ಗದಿಂದ 4 ಮೀಟರ್ ದೂರದಲ್ಲಿ ಶುರು ಮಾಡಿ. ಐದರಲ್ಲಿ ನಾಲ್ಕು ದಾಟಿದರೆ ಒಂದು ಮೀಟರ್ ಹಿಂದೆ. ಹೀಗೆ 9 ಮೀಟರ್‌ವರೆಗೆ. ಪಂದ್ಯದಲ್ಲಿ ಒಬ್ಬರಿಗೆ ಸತತ ಮೂರೇ ಸರ್ವಿಸ್ ಎಂದು ಮಿತಿ ಹಾಕಿ.

ರೊಟೇಶನ್

ಸುಣ್ಣದಿಂದ ನೆಲದ ಮೇಲೆ 1ರಿಂದ 6 ಬರೆಯಿರಿ. ಬಲ ಹಿಂದಿನ ಮೂಲೆ 1. ಅದರ ಮುಂದೆ ನೆಟ್ ಹತ್ತಿರ 2, ನೆಟ್‌ನ ನಡುವೆ 3, ಎಡ ಮುಂದೆ 4, ಎಡ ಹಿಂದೆ 5, ಹಿಂದಿನ ನಡು 6. ಮಕ್ಕಳು ಸರಿಯುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ. 2ರಲ್ಲಿರುವವರು 1ಕ್ಕೆ, 1ರವರು 6ಕ್ಕೆ. ಅಂದರೆ ಅಂಕಿಗಳು ಒಂದು ದಿಕ್ಕು, ನಡಿಗೆ ಎದುರು ದಿಕ್ಕು. ಗೊಂದಲ ಆಗುವುದು ಇಲ್ಲೇ.

ಇನ್ನೊಂದು ಗೊಂದಲ ಎಂದರೆ ಪ್ರತಿ ಅಂಕಕ್ಕೂ ತಿರುಗುವುದು. ಎದುರಿನವರ ಸರ್ವಿಸ್ ಮುರಿದು ನಮಗೆ ಸರ್ವಿಸ್ ಬಂದಾಗ ಮಾತ್ರ ತಿರುಗಬೇಕು. ನಮ್ಮದೇ ಸರ್ವಿಸ್‌ನಲ್ಲಿ ಅಂಕ ಬಂದರೆ ಅದೇ ಮಗು ಮುಂದುವರಿಸುತ್ತದೆ. ಚೆಂಡು ಇಲ್ಲದೆ, ನೀವು "ಸರ್ವಿಸ್ ಬಂತು", "ಅಂಕ ಬಂತು" ಎಂದು ಕೂಗಿ ಐದು ನಿಮಿಷ ನಡೆಸಿದರೆ ಮುಗಿಯಿತು.

ಉಳಿದ ನಿಯಮಗಳನ್ನು ಪಾಠದಂತೆ ಹೇಳಬೇಡಿ, ಆಟದ ನಡುವೆ ಬಂದಾಗ ಹೇಳಿ. ಗೆರೆಗೆ ತಾಗಿದ ಚೆಂಡು ಒಳಗೆ. ಸರ್ವಿಸ್ ನೆಟ್ ಸವರಿ ಆ ಕಡೆ ಬಿದ್ದರೂ ಸರಿ. ಕಾಲಿಗೆ ತಾಗಿದರೂ ಆಟ ಮುಂದುವರಿಯುತ್ತದೆ. 25 ಅಂಕಕ್ಕೆ ಸೆಟ್, ಎರಡು ಅಂಕದ ಅಂತರ ಬೇಕು. ನಿರ್ಣಾಯಕ ಸೆಟ್ 15ಕ್ಕೆ.

ಕೊನೆಗೆ ಸ್ಮ್ಯಾಶ್

ಸ್ಮ್ಯಾಶ್ ಅಂದರೆ ಜಿಗಿದು ಚೆಂಡನ್ನು ನೆಟ್ ಮೇಲಿಂದ ಆ ಕಡೆಗೆ ಬಡಿಯುವುದು. ಮಕ್ಕಳು ಮೊದಲ ದಿನದಿಂದ ಕೇಳುವುದು ಇದನ್ನೇ. ಪಂದ್ಯಾವಳಿಯಲ್ಲಿ ಜನ ಕೇಕೆ ಹಾಕುವುದು ಈ ಶೂಟಿಂಗಿಗೆ ತಾನೆ? ಕಲಿಸಿ, ಆದರೆ ನಾಲ್ವರು ಸೇರಿ ಹತ್ತು ಪಾಸ್ ತಪ್ಪದೆ ಆಡಿದ ಮೇಲೆ. ಒಳ್ಳೆಯ ಲಿಫ್ಟ್ ಸಿಗದೆ ಸ್ಮ್ಯಾಶ್ ಹೊಡೆಯಲು ಹೋದರೆ ಭುಜ ನೋಯುತ್ತದೆ, ನೆಟ್ ಹರಿಯುತ್ತದೆ.

ಮೊದಲು ಹೆಜ್ಜೆ, ಚೆಂಡಿಲ್ಲದೆ. ಬಲಗೈಯವರಿಗೆ ಎಡ, ಬಲ, ಎಡ. ಮೊದಲನೆಯದು ನಿಧಾನ, ಕೊನೆಯ ಎರಡು ವೇಗ. ಎರಡೂ ಕೈ ಹಿಂದಿನಿಂದ ಮೇಲೆ ಬೀಸಿ ಜಿಗಿಯಬೇಕು. ಎರಡೂ ಕಾಲ ಮೇಲೆ ಮೊಣಕಾಲು ಬಗ್ಗಿಸಿ ಇಳಿಯಬೇಕು. ಆಮೇಲೆ ಗೋಡೆಯ ಎದುರು ನಿಂತು ಚೆಂಡನ್ನು ನೆಲಕ್ಕೆ ಹೊಡೆಯಲಿ. ಅದು ನೆಲದಿಂದ ಗೋಡೆಗೆ ಹೋಗಿ ಕೈಗೇ ಮರಳುತ್ತದೆ. ಅಂಗೈ ಅರಳಿರಬೇಕು, ಮಣಿಕಟ್ಟು ಚೆಂಡಿನ ಮೇಲೆ ಮಡಚಬೇಕು. ಮೂರನೆಯದಾಗಿ, ನೆಟ್ ಪಕ್ಕ ನೀವು ಬೆಂಚಿನ ಮೇಲೆ ನಿಂತು ಚೆಂಡನ್ನು ನೆಟ್‌ಗಿಂತ ಎತ್ತರಕ್ಕೆ ಹಿಡಿಯಿರಿ. ಮಕ್ಕಳು ಸಾಲಾಗಿ ಓಡಿ ಬಂದು ನಿಮ್ಮ ಕೈಯ ಚೆಂಡನ್ನೇ ಹೊಡೆಯಲಿ. ಲಿಫ್ಟ್ ಮಾಡಿದ ಚೆಂಡಿಗೆ ಹೊಡೆಯುವುದು ಅದರ ನಂತರ.

ಮಳೆಗಾಲದ ಪೀರಿಯಡ್

ನಮ್ಮ ಕಡೆ ಜೂನ್‌ನಿಂದ ಆಗಸ್ಟ್‌ವರೆಗೆ ಮೈದಾನ ಕೆಸರುಗದ್ದೆ. ಆಗ ಜಗಲಿಯಲ್ಲಿ ಕೂತು ಆಡುವ ವಾಲಿಬಾಲ್ ಆಡಿಸಿ. ಇದು ಪ್ಯಾರಾಲಿಂಪಿಕ್ಸ್‌ನಲ್ಲೂ ಇರುವ ಆಟ. ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ನೆಟ್ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05 ಮೀಟರ್. ಜಗಲಿಗೆ ತಕ್ಕಂತೆ ಕಿರಿದು ಮಾಡಿ, ಎರಡು ಕಂಬಗಳ ನಡುವೆ ಹಗ್ಗ ಕಟ್ಟಿ, ಪ್ಲಾಸ್ಟಿಕ್ ಚೆಂಡು ಕೊಡಿ. ಚೆಂಡು ಮುಟ್ಟುವಾಗ ಕೂತಲ್ಲಿಂದ ಮೇಲೇಳುವಂತಿಲ್ಲ. ಕಾಲಿನ ತೊಂದರೆ ಇದ್ದ ಒಬ್ಬ ಹುಡುಗ ಮೂರು ವರ್ಷ ನನ್ನ ಪೀರಿಯಡ್‌ನಲ್ಲಿ ಚಪ್ಪಲಿ ಕಾಯುತ್ತಿದ್ದ. ಜಗಲಿಯ ಆಟದಲ್ಲಿ ಅವನ ಕೈ ಎಲ್ಲರಿಗಿಂತ ಚುರುಕು. ಮೊದಲೇ ಯಾಕೆ ಆಡಿಸಲಿಲ್ಲ ಎಂದು ಈಗಲೂ ಮನಸ್ಸು ಚುಚ್ಚುತ್ತದೆ.

ಕಾಲು ಉಳುಕಿದರೆ

ನೆಟ್ ಕೆಳಗೆ ಇನ್ನೊಬ್ಬರ ಪಾದದ ಮೇಲೆ ಇಳಿದು ಕಾಲು ಉಳುಕುವುದು ಈ ಆಟದಲ್ಲಿ ಜಾಸ್ತಿ. ನಿಯಮದಲ್ಲಿ ಪಾದ ಪೂರ್ತಿ ನಡುಗೆರೆ ದಾಟಿದರೆ ಮಾತ್ರ ತಪ್ಪು. ನನ್ನ ತರಗತಿಯಲ್ಲಿ ಗೆರೆ ಮುಟ್ಟಿದರೂ ತಪ್ಪು. ಉಳುಕಿದ ಕಾಲನ್ನು ತಿಕ್ಕಬೇಡಿ, ಎಳೆಯಬೇಡಿ, "ಉಳುಕು ತೆಗೆಯುವವರ" ಹತ್ತಿರ ಕಳಿಸಬೇಡಿ. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ ಅಥವಾ ತಣ್ಣೀರ ಬಟ್ಟೆ ಇಡಿ, ಕಾಲು ಎತ್ತರಿಸಿ ಮಲಗಿಸಿ. ಕಾಲೂರಲು ಆಗುತ್ತಿಲ್ಲ ಎಂದರೆ ಡಾಕ್ಟರ ಹತ್ತಿರ ಕರೆದೊಯ್ಯಿರಿ, ಮನೆಯವರಿಗೆ ಕೂಡಲೇ ತಿಳಿಸಿ.

ಅಂಕ ಕೊಡುವುದು, ತಂಡ ಆರಿಸುವುದು

ಮೊದಲ ವಾರ ಒಂದೊಂದು ಮಗು ಎಷ್ಟು ಪಾಸ್ ತಪ್ಪದೆ ಆಡಿತು ಎಂದು ಬರೆದಿಡಿ. ಕೊನೆಯ ವಾರ ಮತ್ತೆ ಬರೆಯಿರಿ. 2ರಿಂದ 9ಕ್ಕೆ ಬಂದ ಮಗುವಿಗೆ, 15ರಲ್ಲೇ ನಿಂತ ಮಗುವಿಗಿಂತ ನಾನು ಹೆಚ್ಚು ಅಂಕ ಕೊಡುತ್ತೇನೆ.

ಹೋಬಳಿ ಮಟ್ಟಕ್ಕೆ ತಂಡ ಆರಿಸುವುದು ಬೇರೆ ಕೆಲಸ, ಅದು ಶಾಲೆ ಬಿಟ್ಟ ಮೇಲೆ ಸಂಜೆ ನಡೆಯಲಿ. ತಂಡದ ಹನ್ನೆರಡು ಜನರ ಅಭ್ಯಾಸಕ್ಕಾಗಿ ಉಳಿದವರ ಪೀರಿಯಡ್ ಕಿತ್ತುಕೊಳ್ಳಬಾರದು. ಕೊನೆಯ ಎರಡು ಪೀರಿಯಡ್ ತರಗತಿಯೊಳಗಿನ ಪಂದ್ಯಾವಳಿ ಇಡಿ. ಈಗ ನೆಟ್ ಹೊರಗೆ ಬರಲಿ. ಆಡದ ತಂಡದವರು ರೆಫ್ರಿ, ಲೈನ್‌ಮನ್, ಸ್ಕೋರರ್ ಆಗಲಿ. ಶೀಟಿ ಅವರ ಕೈಗೇ ಕೊಡಿ.

ಆಟ ಮುಗಿದ ಮೇಲೆ ಚೆಂಡಿನ ಮಣ್ಣು ಒರೆಸಿ ನೆರಳಲ್ಲಿಡಲು ದಿನಕ್ಕಿಬ್ಬರನ್ನು ನೇಮಿಸಿ. ಗಾಳಿ ಹಾಕುವ ಪಿನ್ನನ್ನು ನೀರಲ್ಲಿ ಅದ್ದಿ ಚುಚ್ಚಬೇಕು ಎಂದು ಅವರಿಗೆ ತೋರಿಸಿಕೊಡಿ. ಒಣ ಪಿನ್ನು ಚುಚ್ಚಿದರೆ ವಾಲ್ವ್ ಹರಿಯುತ್ತದೆ, ಇರುವ ಆರು ಚೆಂಡಿನಲ್ಲಿ ಒಂದು ಕಡಿಮೆಯಾಗುತ್ತದೆ.